ಕಣ್ಣಳತೆಯ ಕರಪತ್ರ

ಆ ಬೆಳಿಗ್ಗೆ ಅವನು ಮಾಡಿದ ತಪ್ಪು ಇಷ್ಟೇ: ಲ್ಯಾಪ್‌ಟಾಪಿನ ಮೂಲೆಯಲ್ಲಿ "ಲಿನಕ್ಸ್‌ನ ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳುವಿರಾ?" ಎಂದು ವಿನಯದಿಂದ ಕೇಳಿದ ಪೆಟ್ಟಿಗೆಗೆ, ಬಾಗಿಲಿಗೆ ಬಂದ ನೆಂಟರಿಗೆ ಇಲ್ಲವೆನ್ನಲಾಗದ ಸಂಕೋಚದಲ್ಲಿ, ಹೂಂ ಎಂದುಬಿಟ್ಟ. ಸ್ನಾನ, ತಿಂಡಿ ಮುಗಿಸಿ ಬಂದು ನೋಡಿದರೆ ಪರದೆಯ ಅಕ್ಷರಗಳೆಲ್ಲ ರಾಕ್ಷಸನ ಮಕ್ಕಳ ಹಾಗೆ ಊದಿಕೊಂಡು ಕೂತಿದ್ದವು. ಒಂದೊಂದೂ ಒಂದು ಕುಂಬಳಕಾಯಿ. ಪುಟದ ಒಂದು ಮೂಲೆ ಕಂಡರೆ ಅದೇ ಪುಣ್ಯ.

ಅವನು ಮನೆಯಲ್ಲೇ ಕೂತು ಪ್ರೆಸ್ಸಿಗೆ ಪುಟ ಜೋಡಿಸಿಕೊಡುವವ. ಅಂದು ಹನ್ನೆರಡರೊಳಗೆ ಕನ್ನಡಕದ ಅಂಗಡಿಯ ಕರಪತ್ರ ಹೋಗಬೇಕಿತ್ತು. ಹೋದರೆ ನಾಳೆ ರಜೆ. ರಜೆ ಸಿಕ್ಕರೆ ಮಗಳ ಶಾಲೆಯ ನಾಟಕ. ಅವಳು ಕರಡಿ. ಹಿಂದೆ ಅವಳು ಮರವಾದಾಗಲೂ ಮೋಡವಾದಾಗಲೂ ಅಪ್ಪ ಹೋಗಿರಲಿಲ್ಲ.

"ಈ ಸಲಾನೂ ತಪ್ಪಿಸಿದ್ರೆ ಅವಳಿಗೆ ನೀವೇ ಉತ್ತರ ಹೇಳ್ಕೊಳ್ಳಿ, ನಾನಂತೂ ಮಧ್ಯ ಬರಲ್ಲ" ಎಂದಳು ಹೆಂಡತಿ.

ಅವನ ಗೊಣಗಾಟ ಗೋಡೆ ದಾಟಿತು. ಮೇಲಿನ ಮನೆಯ ಟಿವಿ ರಿಪೇರಿ ತಾತ ಇಳಿದು ಬಂದು, ಕೇಳದೆ ಹೇಳದೆ ಲ್ಯಾಪ್‌ಟಾಪಿನ ಬೆನ್ನಿಗೆ ಪಟಾರೆಂದು ಒಂದು ಬಿಟ್ಟರು.

"ನಮ್ಮ ಕಾಲದಲ್ಲಿ ಇದಕ್ಕೆ ಬಗ್ಗದ ಚಿತ್ರಾನೇ ಇರ್ಲಿಲ್ಲ ಕಣಪ್ಪ!"

ಕುಂಬಳಕಾಯಿಗಳು ಬಗ್ಗಲಿಲ್ಲ. ಅಷ್ಟರಲ್ಲಿ ಎದುರುಮನೆಯ ವಕೀಲರೂ ಬಂದು ಕುರ್ಚಿ ಎಳೆದುಕೊಂಡರು. ಅವನು ಹುಡುಕಿ ತಡಕಿ ಪರದೆಯ ಸರಿಯಾದ ರೆಸಲ್ಯೂಷನ್ ಆರಿಸಿದ. ಪರದೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಆಹಾ, ಅಕ್ಷರಗಳು ಮುದ್ದಾಗಿ ನಿಂತಿದ್ದವು! ನಡುವೆ ಒಂದು ಪ್ರಶ್ನೆ: "ಈ ಅಳತೆ ಉಳಿಸಿಕೊಳ್ಳಲೇ? ಇಲ್ಲವಾದರೆ ಇಪ್ಪತ್ತು ಸೆಕೆಂಡಿನಲ್ಲಿ ಹಳೆಯದಕ್ಕೆ ಮರಳುವೆ."

ಬೆರಳು ಎತ್ತಿದ್ದನಷ್ಟೇ, ವಕೀಲರು ಗಬಕ್ಕನೆ ಕೈ ಹಿಡಿದರು.

"ತಡೀರಿ! ಓದದೆ ಒಪ್ಪಿಗೆ ಕೊಡಬೇಡಿ ಅಂತ ಮೂವತ್ತು ವರ್ಷದಿಂದ ಬಡ್ಕೋತಿದೀನಿ. ಉಳಿಸ್ಕೊಳ್ಳೋದು ಅಂದ್ರೆ ಏನನ್ನ? ಎಲ್ಲಿವರೆಗೆ?"

"ಸಾರ್, ಹನ್ನೆರಡೇ ಸೆಕೆಂಡು ಉಳಿದಿರೋದು…"

"ಗಡುವು ತೋರಿಸಿ ಹೆದರಿಸೋರನ್ನ ಕೋರ್ಟಲ್ಲಿ ದಿನಾ ನೋಡ್ತೀನಿ ಕಣ್ರೀ!"

ಕುಂಬಳಕಾಯಿಗಳು ಮರಳಿದವು. ಹೀಗೆ ನಾಲ್ಕು ಸಲ ಆಯಿತು. ವಕೀಲರದು ಉಡದ ಹಿಡಿತ.

ಹನ್ನೊಂದೂವರೆಗೆ ಅವನು ಕೈಚೆಲ್ಲಿ, ಆ ಊದಿದ ಪರದೆಯಲ್ಲೇ ಕರಪತ್ರಕ್ಕೆ ಕೂತ. ಅಕ್ಷರದ ಅಳತೆಯನ್ನು ಅಂಕಿಯಲ್ಲಿ ನೋಡುವುದು ಅವನಿಗೆ ಅವಮಾನ. ಕಣ್ಣಳತೆಯೇ ಅವನ ಹೆಮ್ಮೆ. ದಪ್ಪ ಕಂಡ ಅಕ್ಷರವನ್ನೆಲ್ಲ ಕಣ್ಣಿಗೆ ಹಿತವಾಗುವ ತನಕ ಕುಗ್ಗಿಸಿದ. ಹನ್ನೆರಡಕ್ಕೆ ಐದು ನಿಮಿಷವಿದೆ ಎನ್ನುವಾಗ ಕಳಿಸಿ ಉಸ್ಸೆಂದ.

ವಕೀಲರು ಊಟಕ್ಕೆ ಎದ್ದು ಹೋದ ಮೇಲೆ ಹೆಂಡತಿ ಬಂದಳು. "ಸರೀರಿ ಆ ಕಡೆ" ಎಂದು, ಅದೇ ಅಳತೆ ಮತ್ತೆ ಆರಿಸಿ, ಪ್ರಶ್ನೆ ಬಂದ ಕೂಡಲೇ 'ಉಳಿಸು' ಒತ್ತಿದಳು. ಅಷ್ಟೇ. ಪರದೆ ನೆಟ್ಟಗಾಯಿತು.

ಸಂಜೆ ನಾಲ್ಕಕ್ಕೆ ತನ್ನ ಕೈಚಳಕ ನೋಡಿ ಖುಷಿಪಡೋಣವೆಂದು ಅವನು ಕರಪತ್ರ ತೆರೆದ. ಬಿಳಿಯ ಬಯಲಿನಲ್ಲಿ ಇರುವೆಗಳು ಸಾಲಾಗಿ ಹೊರಟಂತಿತ್ತು.

"ಇದೇನ್ರೀ, ಧೂಳಾ?" ಎಂದು ಹೆಂಡತಿ ಬಟ್ಟೆ ತಂದು ಒರೆಸಿದಳು. ಇರುವೆಗಳು ಕದಲಲಿಲ್ಲ.

ಫೋನು ಬಡಿದುಕೊಂಡಿತು. ಪ್ರೆಸ್ಸಿನ ಯಜಮಾನರು.

"ಸಾರ್, ತಪ್ಪಾಯ್ತು…"

"ತಪ್ಪಾ? ಕರಪತ್ರ ಓದೋಕಾಗ್ದೆ ನನ್ನ ಕಣ್ಣೇ ಹೋಯ್ತು ಅಂದ್ಕೊಂಡೆ ಕಣಯ್ಯ. ಮರ್ಯಾದೆಗೆ ಅಂಜಿ ಯಾರಿಗೂ ಹೇಳ್ದೆ ಅಚ್ಚಿಗೆ ಹಾಕಿಸ್ದೆ. ನೋಡಿದ್ರೆ ಕೈಗೆ ಸಿಕ್ಕಿದೋರಿಗೆಲ್ಲ ಅದೇ ಗಾಬರಿ! ಕಣ್ಣು ಪರೀಕ್ಷೆಗೆ ಬೀದಿ ತಿರುವಿನ ತನಕ ಸಾಲು ನಿಂತಿದೆ. ಅಂಗಡಿಯವ್ರು ಕುಣೀತಿದಾರೆ. ನಾಳೆ ಬೆಳಿಗ್ಗೆಯಿಂದ ಇನ್ನೂ ನಾಲ್ಕು ಕರಪತ್ರ ಬೇಕಂತೆ, ಅಕ್ಷರ ಒಂದು ಚೂರೂ ದೊಡ್ಡದಾಗ್ಬಾರ್ದಂತೆ!"

"ನಾಳೆ… ರಜೆ ಅಂದಿದ್ರಲ್ಲ ಸಾರ್…"

ಶಾಲೆಯ ಚೀಲ ಹೊತ್ತ ಕರಡಿ ಆಗಲೇ ಬಾಗಿಲಲ್ಲಿ ಕಿವಿ ನಿಮಿರಿಸಿ ನಿಂತಿತ್ತು.

"ರಜೆನಾ? ಅಂಥ ಅಳತೆ ಹಿಡಿಯೋ ಕೈ ಇನ್ಯಾರಿಗಿದೆಯಯ್ಯ?" ಎಂದರು ಯಜಮಾನರು. "ಇರು, ಫೋನಿಡ್ತೀನಿ. ಸಾಲು ಮುಂದಕ್ಕೆ ಹೋಯ್ತು, ಇನ್ನು ನನ್ನ ಸರದಿ."