ಕರೆಂಟು ಹೋದರೆ ಹಿಗ್ಗುವ ಚಿಗವ್ವ

ಬನಹಟ್ಟಿಯಲ್ಲಿ ಕರೆಂಟು ಹೋದರೆ ಹಿರಿಹಿರಿ ಹಿಗ್ಗುವ ಜೀವ ಒಂದೇ ಒಂದು. ಆ ಜೀವ ನನ್ನ ತಾಯಿಯ ಖಾಸಾ ತಂಗಿ ಎಂದು ಹೇಳಿಕೊಳ್ಳಲು ನನಗೆ ಸಂಕೋಚವೂ ಇದೆ, ಸ್ವಲ್ಪ ಭಯವೂ ಇದೆ. ಅದು ನೇಕಾರರ ಊರು, ಸ್ವಾಮಿ! ಕರೆಂಟು ಹೋಯಿತೆಂದರೆ ಓಣಿಯ ಪವರ್‌ಲೂಮುಗಳೆಲ್ಲ ಗಪ್ಪಾಗುತ್ತವೆ, ಸೀರೆ ಅರ್ಧಕ್ಕೆ ನಿಲ್ಲುತ್ತದೆ, ಮಗ್ಗದವರು ಬಾಗಿಲಿಗೆ ಬಂದು ಕರೆಂಟಿನವರ ವಂಶಾವಳಿಯನ್ನೆಲ್ಲ ಜಾಲಾಡುತ್ತಾರೆ. ಅಂಥ ಹೊತ್ತಿನಲ್ಲಿ ನಮ್ಮ ಚಿಗವ್ವ ಕಟ್ಟೆಯ ಮೇಲೆ ನಿಂತು ಚಪ್ಪಾಳೆ ತಟ್ಟುತ್ತಾಳೆ!

“ಬರ್ರಿಲೇ, ಲಗೂನ ಬರ್ರಿ! ಊರ ಗಪ್ ಆತು, ಹಕ್ಕಿ ಕೇಳೂನು ಬರ್ರಿ!”

ಓಣಿಯ ಮಕ್ಕಳೆಲ್ಲ ಓಡಿ ಬಂದು ಬೇವಿನ ಗಿಡದ ಕೆಳಗೆ ಕಣ್ಣು ಮುಚ್ಚಿ ಕೂರುತ್ತವೆ. ಎದುರು ಮನೆಯ ಮಗ್ಗದ ಸಾಹುಕಾರರಿಗೆ ಒಮ್ಮೆ ಇದನ್ನು ನೋಡಿ ಮೈಯೆಲ್ಲ ಉರಿಯಿತು.

“ಅಕ್ಕೋರ, ನಮ್ಮ ಧಂದೆ ಬಂದ್ ಬಿದ್ದೈತಿ, ನಿಮಗ ಹಬ್ಬ ಏನ್ರಿ?”

“ನಿಮ್ಮ ಮಗ್ಗ ಕರೆಂಟ್ ಬಂದ್ರ ಹೊಳ್ಳಿ ಶುರು ಆಕ್ಕಾವ್ರಿ. ಆ ಹಕ್ಕಿ ಹಾರಿ ಹೋದ್ರ ನೀವು ಬಿಲ್ ಕಟ್ಟಿ ತರಸ್ತೀರೇನು?”

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರು. ಚಿಗವ್ವ ನಿವೃತ್ತಳಾಗಿದ್ದಾಳೆ. ಆದರೆ ಶಾಲೆ ಅವಳನ್ನು ಬಿಟ್ಟಿದೆಯೇ ಹೊರತು ಅವಳು ಶಾಲೆಯನ್ನು ಬಿಟ್ಟಿಲ್ಲ. ರವಿವಾರ ಬಂತೆಂದರೆ ಓಣಿಯ ಮಕ್ಕಳನ್ನು ಕಟ್ಟಿಕೊಂಡು ಪಾರ್ಕಿಗೆ ಹೊರಡುತ್ತಾಳೆ. ಪುಸ್ತಕವಿಲ್ಲ, ಹಲಗೆಯಿಲ್ಲ. ಮುಟ್ಟಬೇಕು, ಮೂಸಬೇಕು, ಕೇಳಬೇಕು, ಅಷ್ಟೇ! ಜಮಖಂಡಿಯಲ್ಲಿ ಕಚೇರಿ ನೌಕರಿ ಮಾಡಿಕೊಂಡಿರುವ ನಾನು ರಜೆಯ ದಿನ ಅವಳನ್ನು ನೋಡಲು ಹೋದರೆ ನೀರಿನ ಬಾಟಲಿಗಳ ಚೀಲ ನನ್ನ ಹೆಗಲಿಗೆ.

ಪಾಠವಾದರೂ ಎಂಥದು! ಒಮ್ಮೆ ದಾಸವಾಳದ ಗಿಡದ ಮೇಲೆ ಚಿಟ್ಟೆ ಕೂತಿತ್ತು. “ಏನ ಕಾಣಸ್ತೈತಿ, ಹೇಳ್ರಿ” ಎಂದಳು. ಎದುರು ಮನೆಯ ಸಾಹುಕಾರರ ಹಿರಿ ಮಗಳು ಕಣ್ಣು ಕಿರಿದು ಮಾಡಿ ನೋಡಿ, “ಮೈ ಹಳದಿ ಐತ್ರಿ, ದಡಿ ಕರೀದ ಐತ್ರಿ, ಸೆರಗ ಇಲ್ರಿ” ಎಂದಿತು. ಸೀರೆಯ ಊರಿನ ಮಗುವಿಗೆ ಜಗತ್ತೇ ಆರು ಗಜದ್ದು! ಇನ್ನೊಂದು ಮಗು, “ಇದು ರಾಣಿ ಕಲರಿನ್ಯಾಗೂ ಬರತೈತೇನ್ರಿ?” ಎಂದು ವಿಚಾರಿಸಿತು. ನಾನು ಬಿದ್ದುಬಿದ್ದು ನಕ್ಕೆ. ಚಿಗವ್ವ ನನ್ನನ್ನು ದುರುಗುಟ್ಟಿ ನೋಡಿ, “ನೀ ಏನ ನೋಡಿದಿ, ಹೇಳು” ಎಂದಳು. ನಾನು ಚಿಟ್ಟೆಯನ್ನು ನೋಡಿಯೇ ಇರಲಿಲ್ಲ. ಬಾಟಲಿ ಎಣಿಸುತ್ತಿದ್ದೆ.

ಮುಧೋಳಕ್ಕೆ ಹೋದಾಗಿನ ಪ್ರಸಂಗ ಇನ್ನೂ ಚೆನ್ನಾಗಿದೆ. ಅಲ್ಲೊಂದು ಪಾರ್ಕಿನಲ್ಲಿ ಮಕ್ಕಳೆಲ್ಲ ಇರುವೆ ನೋಡಲು ಹುಲ್ಲಿನ ಮೇಲೆ ಬೋರಲು ಬಿದ್ದಿದ್ದವು. ಕಾವಲುಗಾರ ಸೀಟಿ ಊದುತ್ತ ಓಡಿ ಬಂದ.

“ಹುಲ್ಲಿನ ಮ್ಯಾಲೆ ಕಾಲ ಇಡಬ್ಯಾಡ್ರಿ ಅಂತ ಬೋರ್ಡ್ ಐತಿ, ಕಾಣಸೂದಿಲ್ಲೇನ್ರಿ?”

“ಕಾಲ ಎಲ್ಲಿ ಇಟ್ಟಾವೋ ತಮ್ಮಾ? ಹೊಟ್ಟಿ ಇಟ್ಟಾವು!”

ಅವನು ಬೋರ್ಡನ್ನು ಮತ್ತೊಮ್ಮೆ ಓದಿದ. ಹೊಟ್ಟೆಯ ಮಾತು ಅಲ್ಲಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ತಾನೂ ಬಗ್ಗಿ, “ಅದು ಎಲ್ಲಿಗೆ ಹೊಂಟೈತ್ರೀ?” ಎಂದು ಕೇಳತೊಡಗಿದ.

ಹಕ್ಕಿಯ ಪಾಠದಲ್ಲಿ ಮಾತ್ರ ಅವಳದು ಪ್ರಶ್ನೆಯೇ ಪ್ರಶ್ನೆ. “ಈಗ ಏನ ಕೇಳಸ್ತು? ದಪ್ಪ ದನಿಯೋ ಸಣ್ಣ ದನಿಯೋ? ತಡದ ತಡದ ಕೂಗತೈತೋ, ಒಂದ ಸಮ ಕೂಗತೈತೋ?” ತಾನಾಗಿ ಒಂದು ಹಕ್ಕಿಯ ಹೆಸರನ್ನೂ ಮೊದಲು ಹೇಳುವವಳಲ್ಲ. ಮಕ್ಕಳು ಹೇಳಿದ ಮೇಲೆಯೇ ಹೆಸರು. ಆಹಾ, ಎಂಥ ಬೋಧನಾಕ್ರಮ ಎಂದು ನಾನು ಕಚೇರಿಯಲ್ಲೆಲ್ಲ ಹೊಗಳಿಕೊಂಡು ತಿರುಗಿದ್ದೇ ಬಂತು!

ಒಂದು ದಿನ ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದಳು. “ಚಿಗವ್ವಾ, ಚಹಾಕ್ಕ ಸಕ್ರಿ ಕಡಿಮಿ ಹಾಕು” ಎಂದೆ. “ಹೂಂ, ಗುಬ್ಬಿ ಅದು” ಎಂದಳು! ಮೊದಲು ನಗು ಬಂತು, ಆಮೇಲೆ ಸಂಗತಿ ಹೊಳೆಯಿತು. ಹುಟ್ಟಿದಂದಿನಿಂದ ಮಗ್ಗದ ಗದ್ದಲದಲ್ಲಿ ಬೆಳೆದ ಕಿವಿ ಅವಳದು. ಎದುರಿಗೆ ನಿಂತು ಆಡಿದ ಮಾತನ್ನು ತುಟಿ ನೋಡಿ ಹೇಗೋ ತಿಳಿದುಕೊಳ್ಳುತ್ತಾಳೆ. ಹಕ್ಕಿಯ ದನಿ ಮಾತ್ರ ಪೂರಾ ಹೋಗಿಬಿಟ್ಟಿತ್ತು.

“ಕಿವಿಗೆ ಮಷೀನ ಹಾಕ್ಕೊಂಡ ನೋಡಿದೆ. ಹಕ್ಕಿ ಬಿಟ್ಟು ಬರೇ ಮಗ್ಗಾನ ಕೇಳಸ್ತಾವು” ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. “ಯಾರ ಮುಂದೂ ಹೇಳಬ್ಯಾಡಪಾ. ಕಿವುಡಿ ಸಂಗಡ ಯಾರು ಮಕ್ಕಳನ್ನ ಕಳಸ್ತಾರ? ನನಗ ಈ ರವಿವಾರ ಒಂದ ಉಳದೈತಿ.”

ಅಂದಿನಿಂದ ನನಗೆ ಹೊಸ ನೌಕರಿ. ಹಿಂದಿನಿಂದ ಯಾರಾದರೂ ಅಕ್ಕೋರೇ ಎಂದು ಕೂಗಿದರೆ ಅವಳ ಮೊಣಕೈ ಚಿವುಟುವುದು. ಅವಳ ಕೈ ಮೇಲಿನ ಕಲೆ ನೋಡಿ ನನ್ನ ಹೆಂಡತಿ ಸೊಳ್ಳೆಪರದೆಯನ್ನೇ ಕಳಿಸಿಕೊಟ್ಟಳು!

ಹೀಗಿರುವಾಗ ಎದುರು ಮನೆಯ ಸಾಹುಕಾರರಿಗೆ ಸಂಶಯ ಹತ್ತಿತು. ರವಿವಾರ ಮಕ್ಕಳು ಮನೆಯಲ್ಲಿದ್ದರೆ ನಾಲ್ಕು ಅಕ್ಷರವನ್ನಾದರೂ ಓದುತ್ತವೆ, ಈ ಪಾರ್ಕಿನಲ್ಲಿ ಅದೇನು ಕಲಿಸುತ್ತಾರೋ ನೋಡಿಕೊಂಡು ಬಾ ಎಂದು ಹೆಂಡತಿಯನ್ನು ಕಳಿಸಿದರು. ಸರಿ ಕಾಣದಿದ್ದರೆ ಮಗಳನ್ನು ಬಿಡಿಸುವುದು ಗಟ್ಟಿ. ಅವರು ಬಿಡಿಸಿದರೆ ಉಳಿದವರೂ ಬಿಡಿಸುತ್ತಾರೆ. ಚಿಗವ್ವ ಅಂದು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು.

ಪಾರ್ಕಿನ ಆಲದ ಗಿಡದಲ್ಲಿ ಯಾವುದೋ ಹಕ್ಕಿ ಕೂಗುತ್ತಿತ್ತು. ಆ ತಾಯಿ ಮೇಲೆ ನೋಡಿ, ಚಿಗವ್ವನ ಎದುರಿಗೇ ನಿಂತು ಕೇಳಿಯೇಬಿಟ್ಟರು.

“ಅಕ್ಕೋರ, ಅದ್ಯಾವ ಹಕ್ಕಿ ಕೂಗಾಕತ್ತೈತ್ರಿ?”

ಚಿಗವ್ವ ಗಿಡದ ಕಡೆ ಮುಖ ಎತ್ತಿದಳು. ಎಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನನ್ನ ಕಡೆ ನೋಡಿದಳು. ನನಗೆ ಹಕ್ಕಿಯ ಹೆಸರು ಗೊತ್ತಿದ್ದರೆ ತಾನೇ ಹೇಳುವುದು? ಅಷ್ಟರಲ್ಲಿ ಆ ತಾಯಿಯ ಮಗಳೇ ಮೆಲ್ಲಗೆ ಬಂದು ಚಿಗವ್ವನ ಕೈ ಬಿಡಿಸಿ, ಅಂಗೈ ಮೇಲೆ ಬೆರಳಿನಿಂದ ಬಡಿಯತೊಡಗಿತು. ಟಕ್, ಟಕ್, ಟಕ್, ಟಕ್. ತಡೆಯಿಲ್ಲ, ಏರಿಳಿತವಿಲ್ಲ.

ಚಿಗವ್ವ ಒಂದು ಕ್ಷಣ ಕಣ್ಣು ಮುಚ್ಚಿದಳು. “ಕಂಚುಗಾರ ಹಕ್ಕಿರಿ. ತಾಮ್ರದ ಕೊಡ ಬಡದಂಗ ಒಂದ ಸಮ ಕೂಗತೈತಿ” ಎಂದಳು.

ತಾಯಿ ಮಗಳ ಬೆರಳನ್ನೇ ನೋಡುತ್ತಿದ್ದರು. ಮಗಳನ್ನು ಈಚೆ ಕರೆದು, “ಅದೇನ ಮಾಡಿದಿ?” ಎಂದು ಕೇಳಿದರು.

“ಅಕ್ಕೋರಿಗೆ ಕೇಳಸೂದಿಲ್ಲ, ಅವ್ವಾ” ಎಂದಿತು ಹುಡುಗಿ, ತೀರ ಸಹಜವಾಗಿ. “ನಮಗೆಲ್ಲಾರಿಗೂ ಗೊತ್ತೈತಿ. ಅದಕ್ಕ ಪಾಳಿ ಹಚ್ಚೇವಿ. ಇವತ್ತ ನಂದು ಪಾಳಿ.”

ನಾನು ಕದ್ದು ಚಿವುಟುತ್ತಿದ್ದೆನಲ್ಲ, ಈ ಮಕ್ಕಳು ಅವಳ ಅಂಗೈಯಲ್ಲಿ ಹಕ್ಕಿಯನ್ನೇ ಇಡುತ್ತಿದ್ದವು! ತಾಯಿ ಸೆರಗಿನಿಂದ ಮೂಗು ಒರೆಸಿಕೊಂಡು, ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದರು. “ಮುಂದಿನ ರವಿವಾರ ಸಣ್ಣಾಕಿನ್ನೂ ಕಳಸ್ತೇವಂತ ಹೇಳ್ರಿ ಅಕ್ಕೋರಿಗೆ.”

ಚಿಗವ್ವ ನನ್ನ ಮುಖವನ್ನೇ ನೋಡುತ್ತಿದ್ದಳು, ತೀರ್ಪಿಗೆ ಕಾದವಳ ಹಾಗೆ. ನಾನು ಅವಳ ಕಿವಿಗೆ ಬಾಯಿ ಹಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದೆ. “ಚಿಗವ್ವಾ, ಸಣ್ಣಾಕಿನ್ನೂ ಕಳಸ್ತಾರಂತ!”

ಪಾರ್ಕಿನ ಮಂದಿಯೆಲ್ಲ ತಿರುಗಿ ನೋಡಿದರು. ನೋಡಲಿ ಬಿಡಿ!