ಏಳನೆಯ ದಿನದ ಗಾಳಿ

ಆ ವರ್ಷದ ಹೊಗೆಯನ್ನು ಗಡಿಯಾರಪ್ಪ ಗರಗಸದಿಂದ ಕೊಯ್ದು, ಇಟ್ಟಿಗೆಯ ಅಳತೆಗೆ ತುಂಡು ಮಾಡಿ, ಅದರಲ್ಲೇ ಹಿತ್ತಲಿಗೆ ಕಾಂಪೌಂಡು ಕಟ್ಟಿದ್ದ. ಎರಡು ಬೆಕ್ಕುಗಳು ಅದರ ಮೇಲೆ ಬಾಲವೆತ್ತಿಕೊಂಡು ನಡೆದದ್ದನ್ನು ಇಡೀ ಬೀದಿಯೇ ನೋಡಿದೆ. ನಂಬದವರು ಬೆಕ್ಕುಗಳನ್ನೇ ಕೇಳಬಹುದು.

ಹೊಗೆಯೇನೂ ಆ ಬೀದಿಗೆ ಹೊಸದಲ್ಲ. ಕೊಯ್ಲು ಮುಗಿಯುವುದೇ ತಡ, ಊರಾಚೆಯ ಹೊಲಗಳಲ್ಲಿ ಕೂಳೆಗೆ ಬೆಂಕಿ ಬೀಳುತ್ತದೆ. ಊರೊಳಗಿನವರು ತಾವೇನು ಕಡಿಮೆಯೆಂದು ಮನೆ ಮುಂದಿನ ತರಗೆಲೆಗೆ ಕಡ್ಡಿ ಗೀರುತ್ತಾರೆ. ಆ ಹೊಗೆ ಈ ಹೊಗೆ ಬೀದಿಯ ತಿರುವಿನಲ್ಲಿ ಭೇಟಿಯಾಗಿ, ಕರೆಯದೆ ಬಂದ ನೆಂಟರಂತೆ ತಿಂಗಳುಗಟ್ಟಲೆ ಠಿಕಾಣಿ ಹೂಡುತ್ತವೆ. ಆಗ ಗಡಿಯಾರಪ್ಪನ ಹೆಂಡತಿಯ ಎದೆ ಕುಕ್ಕರಿನಂತೆ ಸಿಳ್ಳೆ ಹಾಕತೊಡಗುತ್ತದೆ. ಆಕೆ ಬಟ್ಟೆಯ ಚೀಲ, ಇನ್‌ಹೇಲರ್ ಹಿಡಿದು ತವರಿನ ಬಸ್ಸು ಹತ್ತುತ್ತಾಳೆ. ಗಡಿಯಾರ ರಿಪೇರಿಯ ಗಡಿಯಾರಪ್ಪ ಬ್ರೆಡ್ಡು ಅಗಿಯುತ್ತ, ನೂರು ಗಡಿಯಾರಗಳ ನಡುವೆ ಒಬ್ಬನೇ ಕೂರುತ್ತಾನೆ. ಅಷ್ಟು ಗಡಿಯಾರಗಳಿದ್ದೂ ಅವನ ಹೊತ್ತು ಮಾತ್ರ ಹೋಗುವುದಿಲ್ಲ.

ಈ ಸಲ ಬೀದಿಯವರು ಒಂದಾದರು. ನಿವೃತ್ತ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ ದೊಡ್ಡ ಟೀಚರ್, ಕಾನೂನು ಹೊರಡಿಸಿದರು: ಎಲೆ ಸುಡುವಂತಿಲ್ಲ, ಮೂಲೆಯ ಗುಂಡಿಗೆ ಹಾಕಬೇಕು; ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಬೇಕು. ಗಾಳಿ ಅಳೆಯುವ ಪೆಟ್ಟಿಗೆಯೊಂದನ್ನು ತರಿಸಿ, ಸ್ಕ್ರೂ ತಿರುಗಿಸಲು ಬರುವ ಒಬ್ಬನೇ ಮನುಷ್ಯನೆಂದು ಗಡಿಯಾರಪ್ಪನ ಅಂಗಡಿಯ ಬಾಗಿಲಿಗೇ ಹಾಕಿಸಿದರು. ಅಂಕಿ ಐವತ್ತರೊಳಗಿದ್ದರೆ ಮಕ್ಕಳು ಬೀದಿಗೆ, ಮೀರಿದರೆ ಮನೆಯೊಳಗೆ.

ಹೆಂಡತಿ ಫೋನಿನಲ್ಲಿ ಷರತ್ತು ಹಾಕಿದಳು. "ಏಳು ದಿನ ಬಿಡದೆ ಐವತ್ತರೊಳಗೆ ಇದ್ರೆ ಬರ್ತೀನಿ ನೋಡಿ. ಒಂದೇ ಒಂದು ದಿನ ತಪ್ಪಿದ್ರೂ ಮಳೆ ಬೀಳೋವರೆಗೂ ನಾನಿಲ್ಲೇ."

ಮೊದಲನೇ ದಿನ ಪೆಟ್ಟಿಗೆ ಹನ್ನೆರಡು ತೋರಿಸಿತು. ಎರಡನೇ ದಿನ ಹನ್ನೆರಡು. ಆರನೇ ದಿನವೂ ಹನ್ನೆರಡೇ! ಸುದ್ದಿ ಹಬ್ಬಿ, ಪಕ್ಕದ ಬೀದಿಗಳವರು ಸಂಜೆ ಹೊತ್ತು ಇಲ್ಲಿಗೇ ಬಂದು, ಸಾಲಾಗಿ ನಿಂತು, ಎದೆಯುಬ್ಬಿಸಿ ಉಸಿರೆಳೆದುಕೊಂಡು, "ಆಹಾ, ಗಾಳಿ ಅಂದ್ರೆ ಇದು!" ಎಂದು ಕಣ್ಣೊರೆಸಿಕೊಂಡು ಹೋದರು.

ಏಳನೇ ದಿನ ಬೆಳಿಗ್ಗೆ ಗಡಿಯಾರಪ್ಪ ಮನೆ, ಅಂಗಡಿ ಎಲ್ಲ ಗುಡಿಸಿ, ಒರೆಸಿ, ತಲೆ ಬಾಚಿಕೊಂಡು ಪೆಟ್ಟಿಗೆಯತ್ತ ನೋಡಿದ. ಇನ್ನೂರ ಹನ್ನೆರಡು.

"ಟೀಚರ್!" ಎಂದು ಅವನು ಕೂಗಿದ ಕೂಗಿಗೆ ನಾಲ್ಕು ಗಡಿಯಾರಗಳು ನಿಂತುಹೋದವು.

ದೊಡ್ಡ ಟೀಚರ್ ಕನ್ನಡಕ ಏರಿಸಿಕೊಂಡು ಬಂದರು. "ಯಾರೋ ಕದ್ದು ಸುಡ್ತಿದಾರೆ ಕಣಯ್ಯ. ನಡಿ, ಮನೆಮನೆ ನೋಡೋಣ."

ಮೊದಲ ಅನುಮಾನ ಎದುರಿನ ಬೇಕರಿಯವನ ಮೇಲೆ. "ನನ್ನ ಒಲೆ ಕರೆಂಟಿಂದು ಟೀಚರ್! ಬೇಕಾದ್ರೆ ಒಳಗೆ ತಲೆ ಹಾಕಿ ನೋಡಿ," ಎಂದ ಅವನು. ಟೀಚರ್ ನಿಜಕ್ಕೂ ಹಾಕಿ ನೋಡಿದರು. ಕುತೂಹಲ ತಡೆಯಲಾರದೆ ಬೇಕರಿಯವನೂ ಅಂಗಡಿಗೆ ಬಾಗಿಲು ಹಾಕಿ ಅವರ ಜೊತೆಗೇ ಹೊರಟ. ಒಬ್ಬರ ಮನೆಯಲ್ಲಿ ಪಾತ್ರೆಯ ಮುಚ್ಚಳ ಎತ್ತಿದರು, ಇನ್ನೊಬ್ಬರ ಮನೆಯಲ್ಲಿ ಟವೆಲ್ಲು ಮೂಸಿದರು. ಲಾಂಡ್ರಿಯವನ ತಾರಸಿಯಲ್ಲಿ ನೀರಿನ ಟ್ಯಾಂಕಿನ ಹಿಂದಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

"ಸಿಕ್ಕಿಬಿದ್ದ!" ಬೇಕರಿಯವನು ಹಾರಿ ಹಿಡಿದ.

ಲಾಂಡ್ರಿಯವನ ಕೈಯಲ್ಲಿ ಮೋಟು ಸಿಗರೇಟು. "ಅಣ್ಣಾ, ಕೈ ಮುಗೀತೀನಿ, ಮೆಲ್ಲಗೆ ಮಾತಾಡು. ಕೆಳಗೆ ನನ್ನ ಹೆಂಡ್ತಿ ಇದಾಳೆ. ಬಿಟ್ಟು ಎರಡು ವರ್ಷ ಆಯ್ತು ಅಂದ್ಕೊಂಡಿದಾಳೆ."

"ಒಂದು ಸಿಗರೇಟಿಗೆ ಇನ್ನೂರು ಬರುತ್ತೇನಯ್ಯ?" ಎಂದು ಟೀಚರ್ ಗದರಿದ ಗದರಿಕೆ ಕೆಳಗಿನವರೆಗೂ ಕೇಳಿತು. ಲಾಂಡ್ರಿಯವನಿಗೆ ಅಂದು ಊಟ ಸಿಗಲಿಲ್ಲವೆಂಬುದು ಬೇರೆಯೇ ಕತೆ.

ಎಲೆಯ ಗುಂಡಿಗೆ ಕೈಹಾಕಿ ನೋಡಿದರು, ತಣ್ಣಗಿತ್ತು. ಇಡೀ ಬೀದಿಯಲ್ಲಿ ಒಂದು ಕಿಡಿಯಿಲ್ಲ. ಮಧ್ಯಾಹ್ನ ಮೂರಕ್ಕೆ ವಾಪಸು ಬಂದರೆ ಪೆಟ್ಟಿಗೆ ಇನ್ನೂರ ಮೂವತ್ತಕ್ಕೇರಿ ಕೂತಿತ್ತು.

"ವಿಚಿತ್ರ," ಎಂದರು ಟೀಚರ್. "ಬೆಳಿಗ್ಗೆ ಎದ್ದಾಗಿಂದ ನೀನೇನೇನು ಮಾಡ್ದೆ, ಒಂದೂ ಬಿಡದೆ ಹೇಳು."

"ನೆಲ ಒರೆಸ್ದೆ. ಗಾಜು ಒರೆಸ್ದೆ. ಅವಳು ಬರ್ತಾಳಲ್ಲ, ಎಲ್ಲ ಫಳಫಳ ಅನ್ಲಿ ಅಂತ ಈ ಪೆಟ್ಟಿಗೆ ಮೇಲಿದ್ದ ಪ್ಲಾಸ್ಟಿಕ್ ಕವರ್ ತೆಗ್ದೆ. ಆಮೇಲೆ ತಲೆ ಬಾಚ್ಕೊಂಡೆ."

"ಏನು ತೆಗ್ದೆ?"

"ಕವರು. ಕಂಪನಿಯಿಂದ ಬಂದಿದ್ದು. ಹೊಸ ಸಾಮಾನು ಅಲ್ವಾ ಟೀಚರ್, ಹೊಗೆ ತಾಗಿ ಹಾಳಾಗ್ಬಾರ್ದು ಅಂತ ಹಾಗೇ ಬಿಟ್ಟಿದ್ದೆ."

ಆರು ದಿನ ಆ ಪೆಟ್ಟಿಗೆ ಅಳೆದದ್ದು ಬೀದಿಯ ಗಾಳಿಯನ್ನಲ್ಲ, ತಾನು ಹುಟ್ಟಿದ ಕಾರ್ಖಾನೆಯ ಗಾಳಿಯನ್ನು! ಟೀಚರ್ ಬೈಯಲು ಬಾಯಿ ತೆರೆದರು. ತಮ್ಮ ಮನೆಯ ಟಿವಿ ರಿಮೋಟು ನಾಲ್ಕು ವರ್ಷದಿಂದ ಕವರಿನಲ್ಲೇ ಇರುವುದು ನೆನಪಾಗಿ ಮುಚ್ಚಿದರು. ಬೇಕರಿಯವನು ಫ್ರಿಜ್ಜಿನ ಹಿಡಿಯನ್ನು ನೆನೆದು ಆಕಾಶ ನೋಡಿದ.

"ಇಷ್ಟಕ್ಕೆ ಯಾಕೆ ತಲೆಬಿಸಿ?" ಎಂದ ಬೇಕರಿಯವನು ಕೊನೆಗೆ. "ಕವರ್ ಮತ್ತೆ ಹಾಕಿದ್ರಾಯ್ತು."

ಹಾಕಿದರು. ಟೇಪು ಸುತ್ತಿದರು. ಈಗ ಹೊಗೆಯೂ ಪೆಟ್ಟಿಗೆಯ ಜೊತೆ ಒಳಗೇ ಸಿಕ್ಕಿಕೊಂಡಿತ್ತು. ಅಂಕಿ ಇನ್ನೂರ ಮೂವತ್ತರಿಂದ ಕದಲಲಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಇವತ್ತೆಷ್ಟು ರೀ?" ಹೆಂಡತಿಯ ದನಿ.

ಎರಡು ತಿಂಗಳ ಬ್ರೆಡ್ಡೆಲ್ಲ ಗಡಿಯಾರಪ್ಪನ ಗಂಟಲಿಗೆ ಬಂತು. "ಹನ್ನೆರಡು!" ಎಂದುಬಿಟ್ಟ. "ಹನ್ನೆರಡು ಕೂಡ ಹೆಚ್ಚಾಯ್ತು, ಹನ್ನೊಂದೂವರೆ ಅನ್ನು. ಕನ್ನಡಿ ಕಣೇ, ಬೀದಿ! ಇಲ್ಲಿ ಕೂತ್ರೆ ಊರಾಚೆ ಹೊಲದಲ್ಲಿ ಹಕ್ಕಿ ಕಾಳು ಹೆಕ್ಕೋದು ಕಾಣುತ್ತೆ."

"ಹೌದಾ? ಹಾಗಾದ್ರೆ ಎದುರಿಗೆ ಬೇಕರಿ ಮುಂದೆ ಯಾರು ನಿಂತಿದಾರೆ ನೋಡಿ ಹೇಳಿ."

ಗಡಿಯಾರಪ್ಪ ಕಣ್ಣು ಕಿರಿದು ಮಾಡಿದ. ರಸ್ತೆಯಾಚೆ ಬೂದಿ ಬಣ್ಣದ ಗೋಡೆ. "ಯಾರೂ ಇಲ್ವಲ್ಲೇ. ಖಾಲಿ."

"ಚೀಲ ಹಿಡ್ಕೊಂಡು ಹತ್ತು ನಿಮಿಷದಿಂದ ನಾನು ನಿಂತಿದೀನಿ."

ಆಮೇಲೆ ಕೆಮ್ಮು. ಒಂದೇ ಕೆಮ್ಮು ಒಂದು ಕಿವಿಗೆ ಫೋನಿನಿಂದ, ಇನ್ನೊಂದು ಕಿವಿಗೆ ಬೀದಿಯಿಂದ ಕೇಳಿತು. ಗಡಿಯಾರಪ್ಪ ಚಪ್ಪಲಿ ಮರೆತು ಓಡಿದ. ಬೇಕರಿಯ ಬೆಂಚಿನ ಮೇಲೆ ಆಕೆ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದಳು. ಎದೆಯಲ್ಲಿ ಸಿಳ್ಳೆ ಶುರುವಾಗಿತ್ತು. ಆಕೆ ಬಂದಿಳಿದ ಬಸ್ಸು ತಿರುಗಿ ಹೊರಡಲು ಹಾರ್ನು ಹೊಡೆಯುತ್ತಿತ್ತು.

"ಈಗ ತಾನೇ ಗಾಳಿ ತಿರುಗ್ತು ಅಂತ ಹೇಳಯ್ಯ," ಎಂದು ಹಿಂದಿನಿಂದ ಟೀಚರ್ ಪಿಸುಗುಟ್ಟಿದರು.

"ನಿಜ ಹೇಳಿ," ಎಂದಳು ಹೆಂಡತಿ. "ಎಷ್ಟು?"

ಅವನ ನಾಲಗೆಯ ತುದಿಯಲ್ಲಿ ಏಳೆಂಟು ಸುಳ್ಳುಗಳು ಸಾಲುಗಟ್ಟಿ ನಿಂತಿದ್ದವು. ಅಷ್ಟರಲ್ಲಿ ಆ ಸಿಳ್ಳೆ ಇನ್ನೊಮ್ಮೆ ಕೇಳಿತು. ಅವನು ಚೀಲವನ್ನು ಆಕೆಯ ಕೈಯಿಂದ ತೆಗೆದುಕೊಂಡು ಬಸ್ಸಿನ ಮೆಟ್ಟಿಲ ಮೇಲಿಟ್ಟ.

"ಇನ್ನೂರ ಮೂವತ್ತು. ಆರು ದಿನಾನೂ ಇಷ್ಟೇ ಇದ್ದಿರ್ಬೇಕು. ಪೆಟ್ಟಿಗೆ ಕವರ್ ತೆಗ್ದಿರ್ಲಿಲ್ಲ ಕಣೇ. ಗೊತ್ತಾದ್ಮೇಲೂ ಹನ್ನೆರಡು ಅಂದೆ. ನೀನು ಬರ್ಲಿ ಅಂತ. ಹೋಗು, ಮಳೆ ಬಿದ್ಮೇಲೆ ಬಾ."

ಬಸ್ಸು ಹತ್ತಿದ ಆಕೆ ಕಿಟಕಿಯಿಂದ ಬಗ್ಗಿದಳು. "ಇನ್ನೇನು ಮುಚ್ಚಿಟ್ಟಿದೀರಿ?"

"ಆರು ದಿನದಿಂದ ನಂಗೂ ಕೆಮ್ಮು," ಎಂದ ಗಡಿಯಾರಪ್ಪ ತಲೆ ತಗ್ಗಿಸಿ. "ಹನ್ನೆರಡು ಅಂತ ತೋರಿಸ್ತಿತ್ತಲ್ಲ, ಕೆಮ್ಮೋಕೆ ನಾಚಿಕೆಯಾಗಿ ತಡ್ಕೊಂಡಿದ್ದೆ."

ಎಂದವನೇ ಕೆಮ್ಮಿದ. ಅವನ ಹಿಂದೆಯೇ ದೊಡ್ಡ ಟೀಚರ್, "ಅಯ್ಯೋ, ನಾನೂನು!" ಎಂದು ಕೆಮ್ಮಿದರು. ಬೇಕರಿಯವನು ಕೆಮ್ಮಿದ, ತಾರಸಿಯ ಮೇಲಿಂದ ಲಾಂಡ್ರಿಯವನು ಕೆಮ್ಮಿದ, ಒದ್ದೆ ಬಟ್ಟೆಯ ಕಿಟಕಿಗಳ ಹಿಂದೆ ಮನೆಮನೆಯೂ ಕೆಮ್ಮಿತು. ಬಸ್ಸು ಹೊರಟ ಸದ್ದು ಯಾರಿಗೂ ಕೇಳಿಸಲಿಲ್ಲ.