ಹಾರಿಸಿದ ಒಂಬತ್ತು ಹಾಳೆ

ಇದನ್ನು ಬರೆಯಬೇಕೆಂದು ಕೂತು, ಕಾಫಿಯ ನೆಪ ಮಾಡಿಕೊಂಡು ಎದ್ದುಹೋದದ್ದು ಎಷ್ಟು ಸಲವೋ! ಇವತ್ತು ಕಾಫಿ ಕುಡಿದೇ ಕೂತಿದ್ದೇನೆ.

ನಮ್ಮ ಭಾವ, ಎಂದರೆ ಅಕ್ಕನ ಗಂಡ, ಬದನೆಕಾಯಿ ನಿಜವಾಗಿ ಇದೆಯೇ ಎಂದು ವರ್ಷಗಟ್ಟಲೆ ಯೋಚಿಸಿದವರು. ನಗಬೇಡಿ! ಗುಮಾಸ್ತೆ ಕೆಲಸ ಬಿಟ್ಟು, ತ್ಯಾಗರಾಜನಗರದ ಮನೆಯ ಪಡಸಾಲೆಯಲ್ಲಿ ಕೂತು, ವಸ್ತು ಮೊದಲೋ ಹೆಸರು ಮೊದಲೋ ಎಂದು ಸಂಶೋಧನೆ ಮಾಡುತ್ತಿದ್ದರು. ಮಾಡಿ ಎಂದು ಯಾವ ಕಾಲೇಜೂ ಕೇಳಿರಲಿಲ್ಲ. ಅಕ್ಕ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಳು, ಒಲೆ ಉರಿಯುತ್ತಿತ್ತು.

ಒಮ್ಮೆ ಅಕ್ಕ ಅವರನ್ನು ಬದನೆಕಾಯಿಗೆ ಕಳಿಸಿದರೆ ಖಾಲಿ ಚೀಲ ವಾಪಸು ಬಂತು.

"ಒಂದೊಂದೂ ಒಂದೊಂದು ಥರ ಇದೆ. ಎಲ್ಲಾನೂ ಬದನೆಕಾಯಿ ಅನ್ನೋರು ನಾವು. ಅದು ಅಂಗಡೀಲಿಲ್ಲ ಕಣೇ, ನಮ್ಮ ಮಾತಲ್ಲಿದೆ."

"ಸರಿ, ಮಧ್ಯಾಹ್ನ ಮಾತನ್ನೇ ಬಡಿಸ್ತೀನಿ ಬನ್ನಿ!"

ಬಡಿಸಿಯೂ ಬಿಟ್ಟಳು, ಬರೀ ಎಲೆ. ಭಾವ ಗಂಭೀರವಾಗಿ ಕೂತು, "ಉಪ್ಪು ಸ್ವಲ್ಪ ಮುಂದು" ಎಂದರು!

ಜಯನಗರದಲ್ಲಿ ಆಗಿನ್ನೂ ರಾಗಿ ಹೊಲದ ನಡುವೆ ಸೈಟಿನ ನಂಬರು ಕಲ್ಲುಗಳು ನಿಂತಿದ್ದ ಕಾಲ. ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋಗಿ, "ನೋಡೋ, ಹೆಸರು ಬಂದು ಕಾಯ್ತಿದೆ, ಮನೆ ಇನ್ನೂ ಬಂದಿಲ್ಲ!" ಎಂದು ಕುಣಿಯುತ್ತಿದ್ದರು. ಎಮ್ಮೆ ಮೇಯಿಸುತ್ತಿದ್ದ ಮುದುಕ, "ಯಾರ್ ಮನೆ ಹುಡುಕ್ತಿದೀರಾ ಸಾಮಿ?" ಎಂದ.

"ಇನ್ನೂ ಇಲ್ಲದೋರ ಮನೆ ಕಣಪ್ಪ!"

ಮುದುಕ ಎಮ್ಮೆಯನ್ನು ಸ್ವಲ್ಪ ದೂರ ಹೊಡೆದುಕೊಂಡು ಹೋದ.

ಎಸ್ಸೆಸ್ಸೆಲ್ಸಿಯಿಂದ ನನಗೆ ದಕ್ಕಿದ್ದು ಮುತ್ತಿನಂಥ ಅಕ್ಷರವೊಂದೇ. ಗ್ರಂಥ ಮುಗಿದಾಗ ಭಾವ ಶುದ್ಧಪ್ರತಿ ಮಾಡಲು ನನಗೇ ಕೊಟ್ಟರು. ಒಂದು ಭಾನುವಾರ ಮ್ಯಾಟಿನಿಗೆ ಹೊತ್ತಾಗುತ್ತಿತ್ತು. ನಡುವಿನ ಒಂಬತ್ತು ಹಾಳೆ ಹಾರಿಸಿ, ಪುಟದ ಸಂಖ್ಯೆ ಮಾತ್ರ ಕ್ರಮವಾಗಿ ಹಾಕಿದೆ. ಅರ್ಥವಾಗದ್ದು ಇದ್ದರೇನು, ಬಿಟ್ಟರೇನು? ಪ್ರತಿ ಆದಮೇಲೆ ಕರಡು ಬಚ್ಚಲೊಲೆಗೆ, ಅದು ಅವರ ಪದ್ಧತಿ. ಅದನ್ನೂ ನಾನೇ ಮುತುವರ್ಜಿಯಿಂದ ಮಾಡಿದೆ.

ವಾರದ ಮೇಲೆ ಭಾವ ನನ್ನ ಪ್ರತಿಯನ್ನು ಮುಂದಿಟ್ಟುಕೊಂಡು, ಹಣೆ ಹಿಡಿದು ಕೂತಿದ್ದರು. "ನಡುವೆ ಸೇತುವೆಯೇ ಇಲ್ವಲ್ಲೋ! ಬರೆದಿದೀನಿ ಅಂತಲೇ ಅಂದ್ಕೊಂಡಿದ್ದೆ."

"ಅಂದ್ಕೊಂಡಿದ್ದೆಲ್ಲ ಇರುತ್ತಾ ಭಾವ?" ಎಂದೆ. ಎಂಥ ಜಾಣ ನಾನು!

ಅವರು ನಕ್ಕು, "ಸರಿಯಾಗಿ ಹೇಳಿದೆ ಕಣೋ" ಎಂದರು.

ಆ ಸೇತುವೆಯನ್ನು ಮತ್ತೆ ಕಟ್ಟಲು ಕೊನೆಯವರೆಗೂ ಒದ್ದಾಡಿದರು. ಆಗಲಿಲ್ಲ. ಗ್ರಂಥ ಅಚ್ಚಾಗಲಿಲ್ಲ. ಅವರ ಹದಿಮೂರನೇ ದಿನದ ಊಟ ಮುಗಿದ ಮೇಲೆ ಅಕ್ಕ ಆ ಪ್ರತಿಯನ್ನು ನನ್ನ ಕೈಗಿಟ್ಟಳು. ಮೊದಲ ಪುಟದಲ್ಲಿ ಅವರ ಕೋಳಿಕಾಲಿನ ಬರಹ: "ಇದರ ಕೊರತೆಯೆಲ್ಲ ನನ್ನದು. ಚೆಂದವೆಲ್ಲ ನನ್ನ ಭಾವಮೈದುನನ ಅಕ್ಷರದ್ದು."

ಅವರಿದ್ದಾಗ ನಾನು ಬಾಯಿ ಬಿಡಲಿಲ್ಲ. ಆ ಕೊರತೆ ನಿಮ್ಮದಲ್ಲ, ಶೇಷಗಿರಿ ಭಾವ.